ಒಂದು ಪಾದದ ಚಾಂಪಿಯನ್: ಒಲಿವೇರ್ ಹಲಶ್ಶಿ

ಸಾಧಕರ ಬದುಕನ್ನು ಪರಿಚಯಿಸುವ ಈ ಪುಟಕ್ಕೆ ಈ ಸಲ ನಾನು ಆರಿಸಿಕೊಂಡಿರುವುದು ಹಂಗೇರಿ ದೇಶದ ಈಜುಗಾರ ಒಲಿವೇರ್ ಹಲಶ್ಶಿ ಅವರನ್ನು. ಅವರು ತೀರಿಕೊಂಡದ್ದು 1946ರಲ್ಲಿ. ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಕಡೆ ಅವರ ಹೆಸರು ಕೇಳಿದವರು ಕಡಿಮೆ ಇರಬಹುದು. ಆದರೆ ಈಜು ಮತ್ತು ವಾಟರ್ ಪೋಲೊ ಬಲ್ಲವರ ನಡುವೆ ಅದು ದೊಡ್ಡ ಹೆಸರು. ಮೂರು ಒಲಿಂಪಿಕ್ಸ್‌ಗಳಲ್ಲಿ ಆಡಿ ಎರಡು ಚಿನ್ನ, ಒಂದು ಬೆಳ್ಳಿ ಗೆದ್ದವರು. 1500 ಮೀಟರ್ ಈಜಿನಲ್ಲಿ ಇಡೀ ಯುರೋಪಿಗೆ ಚಾಂಪಿಯನ್ ಆದವರು. ಇಷ್ಟನ್ನೂ ಅವರು ಸಾಧಿಸಿದ್ದು ಎಡಗಾಲು ಮೊಣಕಾಲಿನ ಕೆಳಗೆ ಇಲ್ಲದೆ.

ಈ ಹೆಸರನ್ನೇ ಆರಿಸಲು ನನಗೊಂದು ಸ್ವಂತ ಕಾರಣವಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಬಲಗಾಲು ಹುಟ್ಟಿನಿಂದಲೇ ಎಡಗಾಲಿಗಿಂತ ಗಿಡ್ಡ, ಸಪೂರ. ಕಾಲೇಜಿನ ಮೆಟ್ಟಿಲು ಹತ್ತುವಾಗ ನನ್ನ ನಡಿಗೆಯನ್ನು ನೀವೆಲ್ಲ ನೋಡಿಯೇ ಇದ್ದೀರಿ. ಹಿಂದೆ ನಾನು ಓದಿದ ಶಾಲೆಯಲ್ಲಿ ಆಟದ ಪೀರಿಯಡ್ ಬಂತೆಂದರೆ ನನ್ನ ಕೈಗೆ ಸ್ಕೋರ್ ಪುಸ್ತಕ ಬರುತ್ತಿತ್ತು. ಯಾರೂ ನನ್ನನ್ನು ಹೀಯಾಳಿಸಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ನೆರಳಿನಲ್ಲಿ ಕುರ್ಚಿ ಹಾಕಿಕೊಟ್ಟರು. ಎಷ್ಟೋ ವರ್ಷ ನಾನು ಬೇರೆಯವರ ಓಟ, ಬೇರೆಯವರ ಗೋಲುಗಳನ್ನು ಬರೆದಿಟ್ಟೆ. ಅದೇ ನಾನು ರಜೆಯಲ್ಲಿ ಹೊನ್ನಾವರದಲ್ಲಿ ಚಿಕ್ಕಪ್ಪನ ಜೊತೆ ಶರಾವತಿಗೆ ಇಳಿದರೆ ಓರಗೆಯ ಹುಡುಗರಿಗಿಂತ ಹಿಂದೆ ಬೀಳುತ್ತಿರಲಿಲ್ಲ. ಆದ್ದರಿಂದ ಹಲಶ್ಶಿ ಅವರ ಬದುಕನ್ನು ಓದುವಾಗ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ಆ ಹುಡುಗನನ್ನು ಯಾಕೆ ಯಾರೂ ಕುರ್ಚಿಯ ಮೇಲೆ ಕೂರಿಸಿ ಬಿಡಲಿಲ್ಲ?

ಒಲಿವೇರ್ ಹುಟ್ಟಿದ್ದು 1909ರ ಜುಲೈ 31ರಂದು, ಉಯ್‌ಪೆಷ್ಟ್ ಎಂಬ ಊರಿನಲ್ಲಿ. ಈಗ ಅದು ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನ ಒಂದು ಭಾಗ. ಆಗ ಪಕ್ಕದಲ್ಲೇ ಇದ್ದ ಬೇರೆ ಪಟ್ಟಣ. ಊರನ್ನು ಒರಸಿಕೊಂಡು ಡ್ಯಾನ್ಯೂಬ್ ನದಿ ಹರಿಯುತ್ತದೆ. ಹಂಗೇರಿಯವರು ಮನೆತನದ ಹೆಸರನ್ನು ಮೊದಲು ಹೇಳುತ್ತಾರೆ, ಹಾಗಾಗಿ ಅವರ ದೇಶದಲ್ಲಿ ಅವರು ಹಲಶ್ಶಿ ಒಲಿವೇರ್. ಆ ಭಾಷೆಯಲ್ಲಿ ‘ಹಲ್’ ಎಂದರೆ ಮೀನು. ಹೆಸರಿನ ಆರಂಭದಲ್ಲೇ ಮೀನು ಇರುವ ಹುಡುಗ ಮುಂದೆ ದೇಶದ ದೊಡ್ಡ ಈಜುಗಾರನಾದದ್ದು ಒಂದು ಚೆಂದದ ಕಾಕತಾಳೀಯ.

ಅವರ ಬಾಲ್ಯ ಸುಖದ ಕಾಲವಾಗಿರಲಿಲ್ಲ. ಐದು ವರ್ಷವಾಗುವ ಹೊತ್ತಿಗೆ ಮೊದಲ ಮಹಾಯುದ್ಧ ಶುರುವಾಯಿತು. 1918ರಲ್ಲಿ ಯುದ್ಧ ಮುಗಿದಾಗ ಹಂಗೇರಿ ಸೋತವರ ಸಾಲಿನಲ್ಲಿತ್ತು. 1920ರ ಟ್ರಿಯಾನಾನ್ ಒಪ್ಪಂದದಲ್ಲಿ ಆ ದೇಶ ತನ್ನ ನೆಲದ ಸುಮಾರು ಮೂರನೇ ಎರಡು ಭಾಗವನ್ನು ಕಳೆದುಕೊಂಡಿತು. ಅದರ ಜೊತೆ ಇದ್ದೊಂದು ಬಂದರೂ ಹೋಯಿತು. ಅಂದಿನಿಂದ ಹಂಗೇರಿಗೆ ಕಡಲಿಲ್ಲ. ಅದೇ ವರ್ಷದ ಒಲಿಂಪಿಕ್ಸ್‌ಗೆ ಸೋತ ದೇಶವೆಂದು ಅದನ್ನು ಕರೆಯಲೂ ಇಲ್ಲ.

ಒಲಿವೇರ್ ಇನ್ನೂ ಬಾಲಕನಾಗಿದ್ದಾಗಲೇ ಟ್ರಾಮ್ ಅಪಘಾತಕ್ಕೆ ಸಿಕ್ಕರು. ಟ್ರಾಮ್ ಎಂದರೆ ಪೇಟೆಯ ರಸ್ತೆಯ ಮೇಲೇ ಹಾಸಿದ ಹಳಿಗಳಲ್ಲಿ ಓಡುವ ಗಾಡಿ. ನಮ್ಮ ದೇಶದಲ್ಲಿ ಅದಕ್ಕೆ ಹೆಸರಾದ ಊರು ಕೋಲ್ಕತ್ತಾ. ಆ ಅಪಘಾತದಿಂದಾಗಿ ಹುಡುಗನ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಪೆನಿಸಿಲಿನ್ ಇನ್ನೂ ಬಂದಿರದ ಕಾಲ ಅದು. ಇಂಥ ಗಾಯದಿಂದ ಬದುಕಿ ಉಳಿದದ್ದೇ ದೊಡ್ಡದು. ಯುದ್ಧದಿಂದ ಕೈಕಾಲು ಕಳೆದುಕೊಂಡು ಬಂದ ಸೈನಿಕರು ಯುರೋಪಿನ ಊರೂರುಗಳಲ್ಲಿ ತುಂಬಿದ್ದ ದಿನಗಳಲ್ಲಿ ಒಂದು ಕಾಲಿಲ್ಲದ ಬಾಲಕನ ಮುಂದಿನ ದಾರಿ ಏನೆಂದು ಜನ ಸುಲಭವಾಗಿ ಊಹಿಸಿಬಿಡಬಹುದಿತ್ತು. ಆ ಊಹೆಯಲ್ಲಿ ಈಜುಕೊಳ ಇರುತ್ತಿರಲಿಲ್ಲ.

ಆದರೆ ಆ ಹುಡುಗ ಬೆಳೆದದ್ದು ಈಜನ್ನು ಬಹಳ ಗೌರವದಿಂದ ನೋಡುವ ದೇಶದಲ್ಲಿ. 1896ರಲ್ಲಿ ಅಥೆನ್ಸ್‌ನಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದಾಗ ಈಜಿನ ಎರಡು ಚಿನ್ನಗಳನ್ನು ಗೆದ್ದದ್ದು ಬುಡಾಪೆಸ್ಟ್‌ನ ಆಲ್ಫ್ರೆಡ್ ಹಾಯೋಷ್ ಎಂಬ ಹದಿನೆಂಟರ ಯುವಕ. ಹಾಯೋಷ್ ಹದಿಮೂರು ವರ್ಷದವರಿದ್ದಾಗ ಅವರ ತಂದೆ ಡ್ಯಾನ್ಯೂಬ್ ನದಿಯಲ್ಲಿ ಮುಳುಗಿ ತೀರಿಕೊಂಡಿದ್ದರು. ಆ ದುಃಖದಲ್ಲೇ ಮಗ ಈಜು ಕಲಿಯಲು ಹಟ ಹಿಡಿದದ್ದು. ಮುಂದೆ ಅವರು ವಾಸ್ತುಶಿಲ್ಪಿಯಾಗಿ, ಬುಡಾಪೆಸ್ಟ್‌ನ ಮಾರ್ಗರೆಟ್ ದ್ವೀಪದಲ್ಲಿ 1930ರಲ್ಲಿ ತೆರೆದ ರಾಷ್ಟ್ರೀಯ ಈಜುಕೊಳದ ನಕ್ಷೆಯನ್ನೂ ಬರೆದರು. ಇನ್ನೊಂದು ಅನುಕೂಲವೆಂದರೆ ಬುಡಾಪೆಸ್ಟ್‌ನ ನೆಲದಡಿಯಿಂದ ಚಿಮ್ಮುವ ಬಿಸಿನೀರಿನ ಊಟೆಗಳು. ಹೊರಗೆ ಹಿಮ ಬಿದ್ದಿದ್ದರೂ ಬೆಚ್ಚಗಿನ ಕೊಳದಲ್ಲಿ ಅಭ್ಯಾಸ ನಡೆಸಬಹುದು. ಕಡಲಿಲ್ಲದ ದೇಶ ಈಜಿನಲ್ಲಿ ಮುಂದೆ ಬಂದದ್ದು ಹೀಗೆ. ಊರಿನ ಕೊಳ, ಊರಿನ ಕ್ಲಬ್ಬು, ಕಲಿಸುವ ಗುರುಗಳು. ಇದನ್ನು ಓದುವಾಗ ನಮ್ಮ ಕಡೆಯ ನೆನಪಾಗುತ್ತದೆ. ನಮಗೆ ಕಡಲಿದೆ, ಶರಾವತಿ ಇದೆ, ಅಘನಾಶಿನಿ ಇದೆ. ಆದರೂ ನಮ್ಮ ತರಗತಿಯಲ್ಲೇ ಈಜು ಬಲ್ಲವರನ್ನು ಕೈ ಎತ್ತಲು ಹೇಳಿದರೆ ಏಳುವ ಕೈಗಳು ಬೆರಳೆಣಿಕೆಯಷ್ಟು.

ಕಾಲಿಲ್ಲದವರು ಈಜುವುದು ಹೇಗೆ ಎಂದು ವಿಜ್ಞಾನ ವಿಭಾಗದ ಗೆಳೆಯರು ಕೇಳಬಹುದು. ಉತ್ತರ ನಮ್ಮ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ. ನೆಲದ ಮೇಲೆ ನಮ್ಮ ಇಡೀ ತೂಕವನ್ನು ಎರಡು ಪಾದಗಳು ಹೊರಬೇಕು. ನೀರಿನಲ್ಲಿ ಆ ತೂಕವನ್ನು ಬಹುಪಾಲು ನೀರೇ ಹೊರುತ್ತದೆ, ಇದು ಆರ್ಕಿಮಿಡೀಸ್ ತತ್ವ. ಇನ್ನು ಮುಂದೆ ಸಾಗುವ ಮಾತು. ಫ್ರೀಸ್ಟೈಲ್ ಈಜಿನಲ್ಲಿ ದೇಹವನ್ನು ಮುಂದೆ ಎಳೆಯುವ ಬಲದಲ್ಲಿ ದೊಡ್ಡ ಪಾಲು ತೋಳುಗಳದ್ದು. ಕಾಲು ಬಡಿತ ವೇಗಕ್ಕೂ ನೆರವಾಗುತ್ತದೆ, ಆದರೆ ಮುಖ್ಯವಾಗಿ ದೇಹ ಅಡ್ಡಾದಿಡ್ಡಿ ಹೊರಳದಂತೆ, ಸೊಂಟ ಕೆಳಗೆ ಇಳಿಯದಂತೆ ಸಮತೋಲ ಕಾಯುತ್ತದೆ. ಕಾಲಿನ ಸ್ನಾಯುಗಳು ದೊಡ್ಡವು, ಅವು ಆಮ್ಲಜನಕವನ್ನು ಬೇಗ ಖರ್ಚು ಮಾಡುತ್ತವೆ. ಅದಕ್ಕೇ ದೂರದ ಈಜಿನಲ್ಲಿ ಎಲ್ಲರೂ ಕಾಲನ್ನು ಮಿತವಾಗಿ ಬಳಸುತ್ತಾರೆ. ಹಾಗೆಂದು ಒಂದು ಪಾದ ಇಲ್ಲದಿರುವುದು ಏನೂ ತೊಡಕಲ್ಲ ಎಂದು ತಿಳಿಯಬೇಡಿ. ಒಂದು ಬದಿಯ ಬಡಿತ ಇಲ್ಲದಾಗ ದೇಹ ಒಂದು ಕಡೆಗೆ ತಿರುಗಲು ನೋಡುತ್ತದೆ. ಅದನ್ನು ಪ್ರತಿ ಬೀಸಿನಲ್ಲೂ ತೋಳು ಮತ್ತು ಬೆನ್ನು ಸರಿಪಡಿಸುತ್ತಿರಬೇಕು. ಕೊಳದ ಗೋಡೆ ಮುಟ್ಟಿ ತಿರುಗುವಾಗ ಬೇರೆಯವರು ಎರಡು ಪಾದಗಳಿಂದ ಒದ್ದು ಮುನ್ನುಗ್ಗಿದರೆ ಹಲಶ್ಶಿ ಅವರಿಗೆ ಇದ್ದದ್ದು ಒಂದೇ ಪಾದ. ನನ್ನ ಸಪೂರ ಕಾಲಿನಿಂದ ಇದರ ಒಂದಿಷ್ಟು ಅನುಭವ ನನಗೂ ಇದೆ. ನೇರವಾಗಿ ಹೋಗಬೇಕೆಂದು ಹೊರಟರೂ ನಾನು ಬಲಕ್ಕೆ ವಾಲುತ್ತೇನೆ. ದಡದ ಒಂದು ತೆಂಗಿನ ಮರದ ಮೇಲೆ ಕಣ್ಣಿಟ್ಟು ದಾರಿ ಸರಿಮಾಡಿಕೊಳ್ಳುತ್ತೇನೆ.

ಹಲಶ್ಶಿ ಸೇರಿದ್ದು ತಮ್ಮ ಊರಿನ ಉಯ್‌ಪೆಷ್ಟ್ ಕ್ರೀಡಾ ಕ್ಲಬ್ಬನ್ನು. 1885ರಲ್ಲಿ ಆರಂಭವಾದ ಆ ಕ್ಲಬ್ಬು ಇಂದಿಗೂ ಇದೆ. ಅಲ್ಲಿ ಅವರು ಈಜಿನ ಜೊತೆ ವಾಟರ್ ಪೋಲೊವನ್ನೂ ಆಡಿದರು. ಈ ಆಟ ನಮ್ಮ ಕಡೆ ಅಪರೂಪವಾದ್ದರಿಂದ ಎರಡು ಮಾತು ಹೇಳಬೇಕು. ಇದು ನೀರಿನಲ್ಲಿ ಆಡುವ ಚೆಂಡಾಟ. ಪ್ರತಿ ತಂಡದಲ್ಲಿ ಗೋಲ್‌ಕೀಪರ್ ಸೇರಿ ಏಳು ಮಂದಿ. ನೆಲಕ್ಕೆ ಕಾಲೂರಿ ಆಡುವಂತಿಲ್ಲ, ಗೋಡೆ ಹಿಡಿದು ದಣಿವಾರಿಸಿಕೊಳ್ಳುವಂತಿಲ್ಲ. ಗೋಲ್‌ಕೀಪರ್ ಬಿಟ್ಟು ಉಳಿದವರು ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಎದುರಾಳಿ ಮೈಮೇಲೆ ಬೀಳುತ್ತಾನೆ, ನೀರಿನೊಳಗೆ ಎಳೆಯುತ್ತಾನೆ. ಅಷ್ಟರ ನಡುವೆ ಎದೆಯವರೆಗೆ ಮೇಲೆದ್ದು ಚೆಂಡು ಎಸೆಯಬೇಕು. ಹಾಗೆ ಮೇಲೇಳುವ ಬಲ ಬರುವುದು ಕಾಲಿನಿಂದಲೇ. ದೂರದ ಈಜಿನಲ್ಲಿ ತೋಳಿನಿಂದ ಸರಿದೂಗಿಸಬಹುದಾದ ಕೊರತೆಯನ್ನು ಈ ಆಟದಲ್ಲಿ ಅಷ್ಟು ಸುಲಭವಾಗಿ ಸರಿದೂಗಿಸಲಾಗದು. ಆದರೂ ಹಲಶ್ಶಿ ತಂಡದ ಬೆನ್ನೆಲುಬಾಗಿ, ದಾಳಿ ಮತ್ತು ರಕ್ಷಣೆಗಳ ನಡುವಿನ ಆಟಗಾರನಾಗಿ ಬೆಳೆದರು. ಆಗ ಹಂಗೇರಿಯ ವಾಟರ್ ಪೋಲೊವನ್ನು ಕಟ್ಟುತ್ತಿದ್ದವರು ಬೇಲಾ ಕೋಮ್ಯಾದಿ ಎಂಬ ತರಬೇತುದಾರ. ಚೆಂಡನ್ನು ನೀರಿಗೆ ಬೀಳಿಸದೆ ಗಾಳಿಯಲ್ಲೇ ಕೈಯಿಂದ ಕೈಗೆ ದಾಟಿಸುವ ಚುರುಕಿನ ಆಟಕ್ಕೆ ಅವರ ಹೆಸರು ಇಂದಿಗೂ ನಿಂತಿದೆ.

1928ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಲಿಂಪಿಕ್ಸ್. ಹಲಶ್ಶಿ ಅವರಿಗೆ ಆಗಷ್ಟೇ ಹತ್ತೊಂಬತ್ತು ತುಂಬಿತ್ತು. ಹಂಗೇರಿ ಫೈನಲ್‌ವರೆಗೆ ಹೋಗಿ, ಹೆಚ್ಚುವರಿ ಸಮಯದಲ್ಲಿ ಜರ್ಮನಿಗೆ 5–2ರಿಂದ ಸೋತಿತು. ಬೆಳ್ಳಿ ಪದಕ. ನಮ್ಮಲ್ಲಿ ಬಹುಪಾಲು ಮಂದಿ ಎರಡನೇ ಪಿಯುಸಿ ಮುಗಿಸಿ ಮುಂದೇನು ಎಂದು ತಲೆ ಕೆಡಿಸಿಕೊಳ್ಳುವ ವಯಸ್ಸಿನಲ್ಲಿ ಅವರ ಕೊರಳಿಗೆ ಒಲಿಂಪಿಕ್ಸ್ ಪದಕ ಬಂದಿತ್ತು. ಆ ಒಲಿಂಪಿಕ್ಸ್‌ನಲ್ಲಿ ಕಾಲಿಲ್ಲದವರಿಗೆಂದು ಬೇರೆ ವಿಭಾಗ ಯಾವುದೂ ಇರಲಿಲ್ಲ ಎಂಬುದನ್ನು ನೆನಪಿಡಿ. ಅವರು ಇದ್ದದ್ದು ದೇಶದ ಏಕೈಕ ತಂಡದಲ್ಲಿ, ಎರಡೂ ಕಾಲಿದ್ದವರ ಜೊತೆ, ಎರಡೂ ಕಾಲಿದ್ದವರ ಎದುರು.

ವೈಯಕ್ತಿಕವಾಗಿ ಅವರ ದೊಡ್ಡ ಗೆಲುವು ಬಂದದ್ದು 1931ರಲ್ಲಿ, ಪ್ಯಾರಿಸ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ. ಕೊಳದ ಸ್ಪರ್ಧೆಗಳಲ್ಲೇ ಅತಿ ಉದ್ದದ್ದಾದ 1500 ಮೀಟರ್ ಫ್ರೀಸ್ಟೈಲ್. 50 ಮೀಟರ್ ಕೊಳದಲ್ಲಿ ಅದು 30 ಉದ್ದ, ಎಂದರೆ 29 ತಿರುವು. ಪ್ರತಿ ತಿರುವಿನಲ್ಲೂ ಗೋಡೆಗೆ ಬೀಳುವ ಆ ಒದೆತ ಅವರಿಗೆ ಅರ್ಧ. ಇಪ್ಪತ್ತು ನಿಮಿಷಗಳಷ್ಟು ಹೊತ್ತು ನಡೆಯುವ ಈ ಸ್ಪರ್ಧೆಯಲ್ಲಿ 29 ಸಲ ಸ್ವಲ್ಪ ಸ್ವಲ್ಪ ಕಳೆದುಕೊಂಡು, ಅದನ್ನು 30 ಸಲ ತೋಳಿನಿಂದ ಮತ್ತೆ ಗಳಿಸಿಕೊಂಡು ಅವರು ಎಲ್ಲರಿಗಿಂತ ಮೊದಲು ಗೋಡೆ ಮುಟ್ಟಿದರು. ಅದೇ ಕೂಟದಲ್ಲಿ ಹಂಗೇರಿಯ ವಾಟರ್ ಪೋಲೊ ತಂಡವೂ ಚಿನ್ನ ಗೆದ್ದಿತು. ಆ ತಂಡದಲ್ಲೂ ಅವರಿದ್ದರು. ಒಬ್ಬರೇ ಕ್ರೀಡಾಪಟು ಒಂದೇ ಕೂಟದಲ್ಲಿ ಒಂಟಿಯಾಗಿ ಈಜುವ ಅತಿ ಉದ್ದದ ಸ್ಪರ್ಧೆಯನ್ನೂ ಅತಿ ಒರಟಾದ ತಂಡದ ಆಟವನ್ನೂ ಗೆಲ್ಲುವುದು ಯಾರಿಗಾದರೂ ಅಪರೂಪದ ಸಾಧನೆ.

ಮರುವರ್ಷ, 1932ರಲ್ಲಿ, ಲಾಸ್ ಏಂಜಲೀಸ್ ಒಲಿಂಪಿಕ್ಸ್. ಜಗತ್ತೇ ಆರ್ಥಿಕ ಕುಸಿತದಲ್ಲಿ ಸಿಲುಕಿದ್ದ ಕಾಲ. ಯುರೋಪಿನಿಂದ ಅಮೆರಿಕದ ಪಶ್ಚಿಮ ತೀರಕ್ಕೆ ಹಡಗು ಮತ್ತು ರೈಲಿನಲ್ಲಿ ಹೋಗುವ ಖರ್ಚು ಭರಿಸಲಾಗದೆ ಎಷ್ಟೋ ದೇಶಗಳು ತಂಡಗಳನ್ನು ಕಳಿಸಲೇ ಇಲ್ಲ. ಹಂಗೇರಿ ಕಳಿಸಿತು. ನಾಲ್ಕು ವರ್ಷದ ಹಿಂದೆ ತಮ್ಮನ್ನು ಸೋಲಿಸಿದ್ದ ಜರ್ಮನಿಯನ್ನು ಈ ಸಲ 6–2ರಿಂದ ಸೋಲಿಸಿ, ಆತಿಥೇಯ ಅಮೆರಿಕಕ್ಕೆ ಒಂದೂ ಗೋಲು ಬಿಟ್ಟುಕೊಡದೆ ಚಿನ್ನ ಗೆದ್ದಿತು. ವಾಟರ್ ಪೋಲೊದಲ್ಲಿ ಹಂಗೇರಿಯ ಪುರುಷರ ತಂಡ ಇದುವರೆಗೆ ಒಂಬತ್ತು ಒಲಿಂಪಿಕ್ ಚಿನ್ನ ಗೆದ್ದಿದೆ. ಬೇರೆ ಯಾವ ದೇಶವೂ ಅಷ್ಟು ಗೆದ್ದಿಲ್ಲ. ಆ ಒಂಬತ್ತರಲ್ಲಿ ಮೊದಲನೆಯದು ಇದು. ಮುಂದಿನ ವರ್ಷವೇ ಕೋಮ್ಯಾದಿ ಹೃದಯಾಘಾತದಿಂದ ತೀರಿಕೊಂಡರು. ಅವರು ಕಟ್ಟಿದ ತಂಡ ಮಾತ್ರ ಕುಗ್ಗಲಿಲ್ಲ. 1934ರಲ್ಲಿ ಮ್ಯಾಗ್ಡೆಬರ್ಗ್‌ನಲ್ಲಿ ಯುರೋಪಿಯನ್ ಚಾಂಪಿಯನ್ ಪಟ್ಟವನ್ನು ಮತ್ತೆ ಉಳಿಸಿಕೊಂಡಿತು.

ಹಲಶ್ಶಿ ಬದುಕಿನಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು 1936ರ ಬರ್ಲಿನ್ ಒಲಿಂಪಿಕ್ಸ್. ಅದು ಹಿಟ್ಲರನ ಜರ್ಮನಿ. ಅವನ ಸರ್ಕಾರಕ್ಕೆ ಮನುಷ್ಯರ ನಡುವೆ ಮೇಲುಜಾತಿ ಕೀಳುಜಾತಿ ಎಂದು ಗೆರೆ ಎಳೆಯುವುದೇ ಸಿದ್ಧಾಂತ. ಗಟ್ಟಿಮುಟ್ಟಾದ, ಒಂದಿಷ್ಟೂ ಊನವಿಲ್ಲದ ದೇಹವೇ ದೇಶದ ಆಸ್ತಿ, ಉಳಿದವರು ಹೊರೆ ಎಂದು ಅಲ್ಲಿ ಶಾಲೆಗಳಲ್ಲೇ ಕಲಿಸುತ್ತಿದ್ದರು. 1933ರಲ್ಲೇ ಒಂದು ಕಾನೂನು ತಂದು, ಆನುವಂಶಿಕ ಕಾಯಿಲೆ ಅಥವಾ ಅಂಗವೈಕಲ್ಯ ಇದೆಯೆಂದು ಹೆಸರಿಸಿದವರಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುತ್ತಿದ್ದರು. ಅಂಥ ಊರಿನ ಕೊಳಕ್ಕೆ ಆತಿಥೇಯ ಜರ್ಮನಿಯ ಎದುರು ಇಳಿದ ಹಂಗೇರಿ ತಂಡದಲ್ಲಿ ಎಡಪಾದವಿಲ್ಲದ ಹಲಶ್ಶಿ ಇದ್ದರು. ಯಹೂದಿ ಮನೆತನದ ಗೋಲ್‌ಕೀಪರ್ ಬ್ರೋಡಿ ಇದ್ದರು. ಅದೇ ಸಮುದಾಯದ ಶಾರ್ಕಾನ್ ಎಂಬ ಆಟಗಾರರೂ ತಂಡದಲ್ಲಿದ್ದರು. ಪಂದ್ಯ 2–2ರಲ್ಲಿ ಸಮವಾಯಿತು. ಕೊನೆಗೆ ಎರಡೂ ತಂಡಗಳ ಅಂಕ ಸಮನಾದಾಗ ಗೋಲು ಸರಾಸರಿ ನೋಡಿದರು. ಹೊಡೆದ ಗೋಲುಗಳನ್ನು ಬಿಟ್ಟುಕೊಟ್ಟ ಗೋಲುಗಳಿಂದ ಭಾಗಿಸುವ ಲೆಕ್ಕ ಅದು. ಆ ಲೆಕ್ಕದಲ್ಲಿ ಚಿನ್ನ ಹಂಗೇರಿಗೆ, ಬೆಳ್ಳಿ ಜರ್ಮನಿಗೆ. ಈ ಲೆಕ್ಕದಲ್ಲಿ ಕಡಿಮೆ ಗೋಲು ಬಿಟ್ಟುಕೊಟ್ಟವರಿಗೆ ಲಾಭ. ಎಂದರೆ ಗೋಲಿನ ಬಲೆ ಕಾದವರಿಗೂ ಅದರ ಮುಂದೆ ನಿಂತು ಎದುರಾಳಿಯನ್ನು ತಡೆದವರಿಗೂ ಆ ಚಿನ್ನದಲ್ಲಿ ದೊಡ್ಡ ಪಾಲು.

ಬರ್ಲಿನ್ ಒಲಿಂಪಿಕ್ಸ್ ಎಂದರೆ ನಾವು ಅಮೆರಿಕದ ಓಟಗಾರ ಜೆಸ್ಸಿ ಓವೆನ್ಸ್ ಅವರ ನಾಲ್ಕು ಚಿನ್ನಗಳನ್ನೂ ಧ್ಯಾನ್‌ಚಂದ್ ನಾಯಕತ್ವದ ನಮ್ಮ ಹಾಕಿ ತಂಡ ಫೈನಲ್‌ನಲ್ಲಿ ಜರ್ಮನಿಯನ್ನು ಸೋಲಿಸಿದ್ದನ್ನೂ ನೆನೆಯುತ್ತೇವೆ. ಆ ಪಟ್ಟಿಯಲ್ಲಿ ಈ ಈಜುಕೊಳದ ಚಿನ್ನಕ್ಕೂ ಜಾಗ ಇರಬೇಕೆಂದು ನನ್ನ ಅನಿಸಿಕೆ. ಮೂರೇ ವರ್ಷಗಳ ನಂತರ, 1939ರಲ್ಲಿ, ಹಿಟ್ಲರನ ಸರ್ಕಾರ ಆಸ್ಪತ್ರೆ ಮತ್ತು ಆಶ್ರಮಗಳಲ್ಲಿದ್ದ ಅಂಗವಿಕಲರನ್ನೂ ಮನೋರೋಗಿಗಳನ್ನೂ ಕೊಲ್ಲುವ ಗುಪ್ತ ಯೋಜನೆ ಶುರುಮಾಡಿತು. 1941ರವರೆಗೆ ವಿಷಾನಿಲದ ಕೋಣೆಗಳಲ್ಲೇ 70 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಆ ಲೆಕ್ಕ ಇಟ್ಟವರೂ ಅವರೇ. ಯಾರ ಬದುಕಿಗೆ ಎಷ್ಟು ಬೆಲೆ ಎಂದು ದೇಹ ನೋಡಿ ತೀರ್ಮಾನಿಸಲು ಹೊರಟರೆ ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಇದಕ್ಕಿಂತ ಕಠೋರ ಪಾಠವಿಲ್ಲ.

1938ರಲ್ಲಿ ಲಂಡನ್ನಿನಲ್ಲಿ ಹಂಗೇರಿ ಮತ್ತೊಮ್ಮೆ ಯುರೋಪಿನ ವಾಟರ್ ಪೋಲೊ ಚಾಂಪಿಯನ್ ಆಯಿತು. ಹಲಶ್ಶಿ ಪಾಲಿಗೆ ಅದು ಮೂರನೇ ಯುರೋಪಿಯನ್ ಪಟ್ಟ. ಆಮೇಲೆ ಎರಡನೇ ಮಹಾಯುದ್ಧ ಬಂತು. 1940 ಮತ್ತು 1944ರ ಒಲಿಂಪಿಕ್ಸ್ ನಡೆಯಲೇ ಇಲ್ಲ. 1944ರ ಡಿಸೆಂಬರ್ ಕೊನೆಯಿಂದ 1945ರ ಫೆಬ್ರವರಿವರೆಗೆ ಬುಡಾಪೆಸ್ಟ್ ನಗರ ಸೋವಿಯತ್ ಸೇನೆಯ ಮುತ್ತಿಗೆಯಲ್ಲಿತ್ತು. ಡ್ಯಾನ್ಯೂಬ್ ಮೇಲಿನ ಸೇತುವೆಗಳೆಲ್ಲ ಮುರಿದು ನೀರಿಗೆ ಬಿದ್ದವು. ಹಲಶ್ಶಿ ಅದನ್ನೆಲ್ಲ ದಾಟಿ ಬದುಕಿ ಉಳಿದರು. ಆದರೆ ಯುದ್ಧ ಮುಗಿದು ಒಂದು ವರ್ಷ ಕಳೆದ ಮೇಲೆ, 1946ರ ಸೆಪ್ಟೆಂಬರ್ 10ರಂದು, ತಮ್ಮ ಮನೆಯ ಹತ್ತಿರವೇ ಒಬ್ಬ ಸೋವಿಯತ್ ಸೈನಿಕನ ಕೈಯಲ್ಲಿ ಹತರಾದರು. ಆಗ ಅವರಿಗೆ 37 ವರ್ಷ. ಕೆಲವೇ ದಿನಗಳಲ್ಲಿ ಅವರ ಪತ್ನಿಗೆ ಮೂರನೇ ಮಗು ಹುಟ್ಟಿತು. ಟ್ರಾಮಿನ ಚಕ್ರ, ಎರಡು ಮಹಾಯುದ್ಧ, ಒಂದು ಮುತ್ತಿಗೆ ಇವೆಲ್ಲವನ್ನೂ ಗೆದ್ದ ಮನುಷ್ಯ ಶಾಂತಿಯ ದಿನಗಳಲ್ಲಿ ತನ್ನ ಬೀದಿಯಲ್ಲಿ ಸತ್ತದ್ದು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ.

ಅವರ ಊರು ಅವರನ್ನು ಮರೆಯಲಿಲ್ಲ. ಉಯ್‌ಪೆಷ್ಟ್‌ನ ಈಜುಕೊಳಕ್ಕೆ ಇಂದು ಅವರದೇ ಹೆಸರಿದೆ. ಮಕ್ಕಳು ಈಜು ಕಲಿಯಲು ಹೋಗುವುದೇ ಹಲಶ್ಶಿ ಒಲಿವೇರ್ ಕೊಳಕ್ಕೆ. 1978ರಲ್ಲಿ ಅಮೆರಿಕದಲ್ಲಿರುವ ಅಂತರರಾಷ್ಟ್ರೀಯ ಈಜು ಗೌರವ ಪಟ್ಟಿಯಲ್ಲೂ ಅವರ ಹೆಸರು ಸೇರಿತು.

ಹಲಶ್ಶಿ ಒಬ್ಬರೇ ಹೀಗಿದ್ದವರಲ್ಲ. ಅವರಿಗಿಂತ ಮೊದಲು, 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ ಜಾರ್ಜ್ ಐಸರ್ ಎಂಬ ಜಿಮ್ನಾಸ್ಟಿಕ್ಸ್ ಪಟು ಮರದ ಕಾಲು ಕಟ್ಟಿಕೊಂಡು ಒಂದೇ ದಿನ ಆರು ಪದಕ ಗೆದ್ದಿದ್ದರು, ಅದರಲ್ಲಿ ಮೂರು ಚಿನ್ನ. ಹಲಶ್ಶಿ ಅವರದೇ ದೇಶದ ಕಾರೊಯ್ ಟಕಾಚ್ 1938ರಲ್ಲಿ ಕೈಯಲ್ಲೇ ಗ್ರೆನೇಡ್ ಸಿಡಿದು ಬಲಗೈ ಹಾಳಾದ ಮೇಲೆ ಎಡಗೈಯಲ್ಲಿ ಗುರಿ ಹಿಡಿಯಲು ಕಲಿತು, 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ಪಿಸ್ತೂಲು ಶೂಟಿಂಗ್‌ನ ಚಿನ್ನ ಗೆದ್ದರು. ಆದರೆ ಇಂಥವರು ಬೆರಳೆಣಿಕೆ. ಬಹಳಷ್ಟು ಅಂಗವಿಕಲರಿಗೆ ಎಲ್ಲರೊಂದಿಗೆ ಸ್ಪರ್ಧಿಸುವುದು ಆಗದ ಮಾತು. ಎರಡೂ ಕಾಲು ಸ್ವಾಧೀನದಲ್ಲಿಲ್ಲದವರನ್ನು ಕಾಲಿರುವವರ ಪಕ್ಕ ನಿಲ್ಲಿಸಿ ಓಡು ಎನ್ನುವುದು ನ್ಯಾಯವಲ್ಲ. ಅದಕ್ಕೆ ಬೇರೆ ದಾರಿ ಬೇಕಿತ್ತು. ಹಲಶ್ಶಿ ತೀರಿಕೊಂಡ ಎರಡು ವರ್ಷಕ್ಕೆ, 1948ರ ಜುಲೈ 29ರಂದು, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್ವಿಗ್ ಗುಟ್‌ಮನ್ ಬೆನ್ನುಹುರಿಗೆ ಪೆಟ್ಟಾಗಿದ್ದ 16 ಮಂದಿಗೆ ಬಿಲ್ಲುಗಾರಿಕೆಯ ಸ್ಪರ್ಧೆ ನಡೆಸಿದರು. ಗುಟ್‌ಮನ್ ಹಿಟ್ಲರನ ಜರ್ಮನಿಯಿಂದಲೇ ತಪ್ಪಿಸಿಕೊಂಡು ಬಂದವರು. ಆ ಪುಟ್ಟ ಸ್ಪರ್ಧೆಯೇ ಬೆಳೆದು 1960ರಲ್ಲಿ ರೋಮ್‌ನಲ್ಲಿ ಮೊದಲ ಪ್ಯಾರಾಲಿಂಪಿಕ್ಸ್ ಆಯಿತು.

ಆ ದಾರಿಯಲ್ಲಿ ನಮ್ಮವರೂ ನಡೆದಿದ್ದಾರೆ. ನೆರೆಯ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮುರಳಿಕಾಂತ ಪೇಟ್ಕರ್ ಸೈನಿಕರಾಗಿದ್ದು 1965ರ ಯುದ್ಧದಲ್ಲಿ ಗುಂಡೇಟು ತಿಂದವರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಅದೇ ಮೊದಲ ಚಿನ್ನ. ಬಂಗಾಳದ ಹಳ್ಳಿಯ ಮಸೂದುರ್ ರೆಹಮಾನ್ ಬೈದ್ಯ ಬಾಲ್ಯದಲ್ಲಿ ರೈಲು ಅಪಘಾತದಲ್ಲಿ ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡವರು. 1997ರಲ್ಲಿ ಇಂಗ್ಲಿಷ್ ಕಾಲುವೆಯನ್ನೂ 2001ರಲ್ಲಿ ಜಿಬ್ರಾಲ್ಟರ್ ಜಲಸಂಧಿಯನ್ನೂ ಈಜಿ ದಾಟಿದರು. ನಮ್ಮ ಬೆಂಗಳೂರಿನ ಶರತ್ ಗಾಯಕ್ವಾಡ್ ಅವರ ಎಡಗೈ ಹುಟ್ಟಿನಿಂದಲೇ ಪೂರ್ತಿ ಬೆಳೆದಿರಲಿಲ್ಲ. 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಅವರು ಆರು ಪದಕ ಗೆದ್ದರು.

ಇನ್ನು ಆರಂಭದಲ್ಲಿ ಹೇಳಿದ ನನ್ನ ಪ್ರಶ್ನೆಗೆ ಬರುತ್ತೇನೆ. ಹಲಶ್ಶಿ ಅವರನ್ನು ಯಾಕೆ ಯಾರೂ ಕುರ್ಚಿಯ ಮೇಲೆ ಕೂರಿಸಿ ಬಿಡಲಿಲ್ಲ? ಅವರ ಛಲ ಒಂದು ಕಾರಣ, ನಿಜ. ಆದರೆ ಛಲದ ಮಾತನ್ನಷ್ಟೇ ಹೇಳಿ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗೆ ಹೇಳಿದರೆ ಆಡಲು ಸಿಗದವರಿಗೆಲ್ಲ ಛಲ ಸಾಲದು ಎಂದಂತಾಗುತ್ತದೆ. ಊರಿನಲ್ಲಿ ಕೊಳವಿತ್ತು. ಕ್ಲಬ್ಬಿನ ಬಾಗಿಲು ತೆರೆದಿತ್ತು. ಒಳಗೆ ಹೋದವರನ್ನು ಅಳೆಯಲು ಗಡಿಯಾರವಿತ್ತು. ಗಡಿಯಾರಕ್ಕೆ ಕಾಲು ಎಷ್ಟಿದೆ ಎಂದು ಕಾಣುವುದಿಲ್ಲ, ಎಷ್ಟು ಹೊತ್ತಿಗೆ ಕೈ ಗೋಡೆ ಮುಟ್ಟಿತು ಎಂಬುದಷ್ಟೇ ಕಾಣುತ್ತದೆ. ಆ ಹುಡುಗನಿಗೆ ಸಿಕ್ಕಿದ್ದು ಅಳತೆಗೆ ಒಡ್ಡಿಕೊಳ್ಳುವ ಅವಕಾಶ. ಉಳಿದದ್ದನ್ನು ಅವರೇ ಮಾಡಿದರು. ಸೋಲುವ ಅವಕಾಶವೂ ಅದರಲ್ಲಿ ಸೇರಿತ್ತು, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೋತದ್ದರಿಂದಲೇ ಲಾಸ್ ಏಂಜಲೀಸ್ ಗೆಲುವಿಗೆ ರುಚಿ. ಕುರ್ಚಿಯಲ್ಲಿ ಕೂತವರಿಗೆ ಗೆಲುವು ಮಾತ್ರವಲ್ಲ, ಸೋಲು ಕೂಡ ಸಿಗುವುದಿಲ್ಲ.

ಈ ಅವಕಾಶ ಇಂದು ನಮ್ಮ ದೇಶದಲ್ಲಿ ಯಾರದೋ ಕರುಣೆಗೆ ಬಿಟ್ಟದ್ದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಅದರ 16ನೇ ವಿಧಿಯ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಅಂಗವಿಕಲ ವಿದ್ಯಾರ್ಥಿಗಳಿಗೆ ಪಾಠದ ಜೊತೆಗೆ ಆಟೋಟಗಳಲ್ಲೂ ಇತರರಿಗೆ ಸಮನಾದ ಅವಕಾಶ ಕೊಡಬೇಕು. ಮೆಟ್ಟಿಲ ಪಕ್ಕದ ಇಳಿಜಾರು, ಪರೀಕ್ಷೆಯ ಹೆಚ್ಚುವರಿ ಸಮಯ ಇವುಗಳ ಬಗ್ಗೆ ನಮಗೆಲ್ಲ ಗೊತ್ತು. ಆಟದ ಮೈದಾನವೂ ಆ ಹಕ್ಕಿನಲ್ಲಿ ಸೇರಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಎಲ್ಲರೂ ಎಲ್ಲ ಆಟ ಆಡಲಾರರು, ಅದು ಎರಡೂ ಕಾಲು ಗಟ್ಟಿ ಇದ್ದವರ ವಿಷಯದಲ್ಲೂ ನಿಜವೇ. ಯಾವ ಆಟ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಆಡುವವರನ್ನೇ ಕೇಳಿ ತಿಳಿದರೆ ಸಾಕು. ಕೂತು ಎಸೆಯುವ ಗುಂಡು ಎಸೆತ, ಕೇರಂ, ಚೆಸ್, ತೋಳಿನ ಬಲದ ಆಟಗಳು ಹೀಗೆ ದಾರಿಗಳು ಬಹಳ.

ಈಜಿನ ಬಗ್ಗೆ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಇದನ್ನು ಓದಿ ಯಾರೂ ಒಬ್ಬರೇ ಹೊಳೆಗೋ ಕಡಲಿಗೋ ಇಳಿಯಬೇಡಿ. ನಮ್ಮ ತೀರದಲ್ಲಿ ಪ್ರತಿ ವರ್ಷ ಜೀವಗಳು ಹೋಗುವುದನ್ನು ಪತ್ರಿಕೆಗಳಲ್ಲಿ ನೋಡುತ್ತಲೇ ಇದ್ದೇವೆ. ಮಳೆಗಾಲದ ಕಡಲು ಮತ್ತು ಹೊಳೆಯ ಅಳಿವೆ ಪಳಗಿದ ಮೀನುಗಾರರಿಗೂ ಮೋಸ ಮಾಡುತ್ತವೆ. ಬಲ್ಲವರ ಜೊತೆ, ಉಬ್ಬರ ಇಳಿತ ನೋಡಿಕೊಂಡು, ಎದೆಮಟ್ಟದ ನಿಂತ ನೀರಿನಲ್ಲಿ ಕಲಿಯಿರಿ. ಈಜು ಬಲ್ಲ ಮನೆಯ ಹಿರಿಯರು ಒಂದು ರಜೆಯಲ್ಲಿ ನಾಲ್ಕು ಮಕ್ಕಳಿಗೆ ಕಲಿಸಿದರೂ ಅದು ದೊಡ್ಡ ಉಪಕಾರ. ಕಡಲಿಲ್ಲದ ಹಂಗೇರಿ ಮಾಡಿದ್ದನ್ನು ಕಡಲ ಪಕ್ಕದ ನಾವು ಮಾಡಲಾರೆವೇ?

ನಮ್ಮ ಕಾಲೇಜಿನ ವಾರ್ಷಿಕ ಕ್ರೀಡಾಕೂಟ ಹತ್ತಿರ ಬರುತ್ತಿದೆ. ಹೆಸರು ಬರೆಸುವ ಪಟ್ಟಿ ಕೆಲವೇ ದಿನಗಳಲ್ಲಿ ತರಗತಿಗಳಿಗೆ ಬರುತ್ತದೆ. ಈ ಸಲ ಗುಂಡು ಎಸೆತಕ್ಕೆ ನಾನು ಹೆಸರು ಕೊಡುತ್ತೇನೆ. ಕೊನೆಯವನಾಗಿ ಬಂದರೂ ಬೇಸರವಿಲ್ಲ, ಎಸೆದ ದೂರ ಟೇಪಿನಲ್ಲಿ ಅಳೆದು ನನ್ನ ಹೆಸರಿನ ಮುಂದೆ ಬರೆಯಲಿ. ಮೊದಲ ಪಿಯುಸಿಯಲ್ಲಿ ಊರುಗೋಲು ಹಿಡಿದು ಬರುವ, ಕಿವಿ ಕೇಳದ, ಕಣ್ಣು ಮಂದವಿರುವ ತಮ್ಮ ತಂಗಿಯರಿದ್ದಾರೆ. ಅವರ ಪರವಾಗಿ ನಾವು ಉತ್ತರ ಹೇಳಿಬಿಡುವುದು ಬೇಡ. ಪಟ್ಟಿ ನಿಮ್ಮ ಬೆಂಚಿಗೆ ಬಂದಾಗ ಅವರನ್ನು ದಾಟಿಸಿ ಮುಂದಿನವರಿಗೆ ಕೊಡಬೇಡಿ. ಪೆನ್ನಿನ ಜೊತೆ ಅವರ ಕೈಗೂ ಕೊಡಿ.